ಐಸ್ ಕೆತ್ತಬೇಡಿ, ಕರಗಲಿ ಬಿಡಿ

ತೀರ್ಥಹಳ್ಳಿಯಲ್ಲಿ ಮಳೆ ಹಿಡಿಯುವ ಮೊದಲು ನಮ್ಮ ಮನೆಯಲ್ಲಿ ಒಂದು ಕೆಲಸ ಇರುತ್ತದೆ, ಫ್ರೀಜರ್ ಪೆಟ್ಟಿಗೆಯ ಐಸ್ ಕರಗಿಸುವುದು. ಈ ಸಲ ಎರಡು ಬೆರಳು ದಪ್ಪ ಕೂತಿತ್ತು. ಮುಚ್ಚಳವೇ ಸರಿಯಾಗಿ ಕೂರುತ್ತಿರಲಿಲ್ಲ. ಅರ್ಧ ಸೆಂಟಿಮೀಟರ್ ದಾಟಿದಾಗಲೇ ಮಾಡಬೇಕಿತ್ತು. ಸೋಮಾರಿತನ, ಮತ್ತೇನು!

ಹೋದ ವರ್ಷ ಚಾಕು ಹಿಡಿದು ಕೆತ್ತಲು ಹೋಗಿದ್ದೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು. "ಹಲಸಿನಹಣ್ಣು ಕೊಯ್ತಾ ಇದೀಯೇನೇ?" ಆ ಗೋಡೆಯ ಹಿಂದೆಯೇ ತಂಪು ಮಾಡುವ ಗ್ಯಾಸಿನ ಕೊಳವೆ ಇರುತ್ತದೆ. ತೂತಾದರೆ ಪೆಟ್ಟಿಗೆ ಗುಜರಿಗೆ. ಈಗಿನ ಎಷ್ಟೋ ಫ್ರೀಜರುಗಳಲ್ಲಿ ಇರುವುದು ಐಸೋಬ್ಯುಟೇನ್, ಬೆಂಕಿ ಹತ್ತಿಕೊಳ್ಳುವ ಗ್ಯಾಸು.

ಹಾಗಾಗಿ ಈ ಸಲ ತಾಳ್ಮೆ. ಮೊದಲು ಪ್ಲಗ್ಗನ್ನೇ ಕಿತ್ತೆ. ಹಲಸಿನ ತೊಳೆ, ಮೀನು ಎಲ್ಲ ಪೇಪರ್ ಸುತ್ತಿ ಕಂಬಳಿಯೊಳಗೆ. ತಳದ ಬಿರಡೆ ತೆಗೆದು ತಟ್ಟೆ ಇಟ್ಟೆ. ಒಳಗೆ ಟವೆಲ್ ಮೇಲೆ ಬಿಸಿನೀರಿನ ಪಾತ್ರೆ, ಆರಿದ ಹಾಗೆ ಬದಲಿಸಿದೆ. ಹೇರ್ ಡ್ರೈಯರ್ ತರಲಾ ಎಂದ ಮಗನಿಗೆ ಬೈದೆ. ನೀರು ನಿಂತ ಕಡೆ ಕರೆಂಟು ಬೇಡ ಅಲ್ವಾ? ಸಡಿಲವಾದ ಗಡ್ಡೆಯನ್ನು ಮರದ ಸಟ್ಟುಗದಲ್ಲಿ ಎತ್ತಿದೆ.

ಮೂರು ಗಂಟೆ ಹಿಡಿಯಿತು. ಒಣಬಟ್ಟೆಯಲ್ಲಿ ಒರೆಸಿ, ಮೈನಸ್ 18 ಡಿಗ್ರಿಗೆ ಇಳಿದ ಮೇಲೆ ಮತ್ತೆ ತುಂಬಿದೆ. ಪೂರ್ತಿ ಮೆತ್ತಗಾಗಿದ್ದ ಬಂಗುಡೆ ಮಾತ್ರ ವಾಪಸ್ ಹೋಗಲಿಲ್ಲ, ರಾತ್ರಿಯ ಸಾರಿಗೆ ಬಿತ್ತು.