ಓಟದಲ್ಲಿ ಬಾಂಬ್ ಸಿಡಿದ ಮೇಲೆ ರನ್ನಿಂಗ್ ಗ್ರೂಪ್ ಮಾಡಬೇಕಾದ ಕೆಲಸ

2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನಿನ ಫಿನಿಶ್ ಲೈನ್ ಹತ್ತಿರ ಎರಡು ಪ್ರೆಷರ್ ಕುಕ್ಕರ್ ಬಾಂಬ್ ಸಿಡಿದು ಮೂವರು ಸತ್ತರು. ಆ ಮೂವರೂ ಓಡಲು ಬಂದವರಲ್ಲ, ನೋಡಲು ನಿಂತವರು. ಎರಡೇ ದಿನಕ್ಕೆ ನಮ್ಮ ಮಲ್ಲೇಶ್ವರದಲ್ಲೂ ಬಾಂಬ್ ಸಿಡಿಯಿತು. ಅದಕ್ಕೂ ಮೊದಲು, 2008ರ ಏಪ್ರಿಲ್ 6ರಂದು, ಶ್ರೀಲಂಕಾದ ವೆಲಿವೇರಿಯದಲ್ಲಿ ಮ್ಯಾರಥಾನ್ ಶುರುವಾಗುವ ಜಾಗದಲ್ಲೇ ಆತ್ಮಾಹುತಿ ದಾಳಿ ನಡೆದು, ಒಬ್ಬ ಸಚಿವರ ಜೊತೆ ಹಿರಿಯ ಮ್ಯಾರಥಾನ್ ಓಟಗಾರ ಕೆ.ಎ. ಕರುಣಾರತ್ನ ಕೂಡ ಸತ್ತರು. ಬೆಂಗಳೂರಿನ ಪ್ರತಿ ಗ್ರೂಪೂ ಇದಕ್ಕೆ ಮೊದಲೇ ತಯಾರಾಗಿರಬೇಕು.

ಮೊದಲ ಕೆಲಸ ತಲೆ ಎಣಿಕೆ. ಅದು ಎಡವುವುದು ಫೋನಿನಲ್ಲಿ. ಅರ್ಧ ಜನರ ಫೋನ್ ಬ್ಯಾಗೇಜ್ ಕೌಂಟರಿನಲ್ಲಿರುತ್ತದೆ, ಉಳಿದವರು ಒಟ್ಟಿಗೆ ಕರೆ ಮಾಡಿ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಕರೆ ಬೇಡ, ಎಸ್‌ಎಂಎಸ್ ಕಳಿಸಿ. ಬಿಬ್ (ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಚೀಟಿ) ನಂಬರ್, ಮನೆಯವರ ನಂಬರ್, ರಕ್ತದ ಗುಂಪು ಇರುವ ಪಟ್ಟಿ ಓಡದೇ ಇರುವ ಇಬ್ಬರ ಕೈಯಲ್ಲಿ ಕಾಗದದ ಮೇಲಿರಲಿ. ಬಿಬ್ಬಿನ ಹಿಂದೆಯೂ ಮನೆಯವರ ನಂಬರ್, ರಕ್ತದ ಗುಂಪನ್ನು ಪರ್ಮನೆಂಟ್ ಮಾರ್ಕರಿನಲ್ಲೇ ಬರೆಯಿರಿ, ಜೆಲ್ ಪೆನ್ ಬೆವರಿಗೆ ಅಳಿಸಿಹೋಗುತ್ತದೆ. ಸೇರುವ ಜಾಗ ಫಿನಿಶ್ ಲೈನಿನಿಂದ ದೂರವಿರಲಿ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದ ಮುಂದೆ ಎಂದುಕೊಂಡಿದ್ದರೆ, ಪೊಲೀಸರು ಪಾರ್ಕ್ ಮುಚ್ಚಿದರೆ ಎಲ್ಲಿ ಎಂಬುದೂ ಮೊದಲೇ ಗೊತ್ತಿರಬೇಕು.

ನಡುದಾರಿಯಲ್ಲಿ ತಡೆದು ನಿಲ್ಲಿಸಿದವರನ್ನು ಮರೆಯಬೇಡಿ. ಓಡುತ್ತಿದ್ದವರು ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ, ಹಾಗಾಗಿ ನಿಧಾನಕ್ಕೆ ಅಡ್ಡಾಡಿಸಿ. ಒದ್ದೆ ಟೀ ಶರ್ಟಿನಲ್ಲಿ ಚಳಿ ಬೇಗ ಹತ್ತುತ್ತದೆ, ಮೇಲೆ ಏನಾದರೂ ಹೊದೆಸಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಅತಿಯಾಗುತ್ತದೆ.

ಅಂದು ಸಂಜೆಯೇ ವಾಟ್ಸಾಪ್ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ. ರಕ್ತದ ವಿಡಿಯೋಗಳು ಅಲ್ಲಿರದವರ ನಿದ್ದೆಯನ್ನೂ ಕೆಡಿಸುತ್ತವೆ.

ಮತ್ತೆ ಒಟ್ಟಿಗೆ ಓಡುವುದನ್ನು ತುಂಬ ಮುಂದೂಡಬೇಡಿ. ಬಾಸ್ಟನ್ ಆದ ಆರನೇ ದಿನ ಲಂಡನ್ ಮ್ಯಾರಥಾನ್ ನಡೆಯಿತು, 30 ಸೆಕೆಂಡ್ ಮೌನ ನಿಂತು, ಎದೆಗೆ ಕಪ್ಪು ರಿಬ್ಬನ್ ಸಿಕ್ಕಿಸಿಕೊಂಡು ಜನ ಓಡಿದರು. ನಮ್ಮದು ಅಷ್ಟು ದೊಡ್ಡದಾಗಿರಬೇಕಿಲ್ಲ. ಮೂರರಿಂದ ಐದು ಕಿಲೋಮೀಟರ್, ಮಾತಾಡುತ್ತಾ ಓಡಬಹುದಾದ ವೇಗ, ಬೇಕೆಂದಾಗ ಹೊರಗೆ ನಡೆಯಬಹುದಾದ ಕಬ್ಬನ್ ಪಾರ್ಕ್ ಅಥವಾ ಲಾಲ್‌ಬಾಗ್. ವಿಸಿಲ್, ಮೈಕ್, ಸ್ಟಾರ್ಟ್ ಗನ್ ಯಾವುದೂ ಬೇಡ. ಕೊನೆಯವರ ಜೊತೆ ಒಬ್ಬರು ನಡೆಯಲಿ. ಆಮೇಲೆ ಎಲ್ಲರನ್ನೂ ವೃತ್ತದಲ್ಲಿ ಕೂರಿಸಿ "ಏನು ನೋಡಿದಿರಿ ಹೇಳಿ" ಎಂದು ಕೇಳುವುದು ಒಳ್ಳೆಯ ಉದ್ದೇಶದ ಕೆಟ್ಟ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡವೆನ್ನುತ್ತದೆ. ಇಡ್ಲಿ, ಕಾಫಿಗೆ ಕೂತಾಗ ಹೇಳಬೇಕೆನಿಸಿದವರು ತಾವೇ ಹೇಳುತ್ತಾರೆ.

ದೇಹವೂ ಹೆದರಿರುತ್ತದೆ. ಏದುಸಿರು, ಜೋರು ಎದೆಬಡಿತ ಗಾಬರಿಯ ಹಾಗೇ ಇರುವುದರಿಂದ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ಅಭ್ಯಾಸ) ಓಡುವಾಗಲೇ ಕೆಲವರು ಕುಸಿಯುತ್ತಾರೆ. ನಿದ್ದೆ ಸರಿಯಾಗುವವರೆಗೆ ವಾರದ ದೂರವನ್ನು ಅರ್ಧಕ್ಕಿಳಿಸಿ, ವೇಗದ ಓಟ ಬಿಟ್ಟುಬಿಡಿ. ಕೆಟ್ಟ ಕನಸು, ಬೆಚ್ಚಿಬೀಳುವುದು, ಗುಂಪಿಗೆ ಹೋಗಲಾಗದ ಭಯ ಒಂದು ತಿಂಗಳು ದಾಟಿದರೆ ನಿಮ್ಹಾನ್ಸ್‌ನಂಥ ಕಡೆ ತೋರಿಸಲೇಬೇಕು. ಅದಕ್ಕೂ ಮೊದಲೇ ಮಾತಾಡಬೇಕೆನಿಸಿದರೆ 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನೀರಿನ ಟೇಬಲ್ಲಿನಲ್ಲಿದ್ದ ವಾಲಂಟಿಯರ್‌ಗಳಿಗೆ, ಚಪ್ಪಾಳೆ ತಟ್ಟಲು ಬಂದ ಮನೆಯವರಿಗೆ ಫೋನ್ ಮಾಡುವ ಹೊಣೆಯನ್ನು ಹೆಸರು ಹಿಡಿದು ಹಂಚಿ. "ಯಾರಾದರೂ ವಿಚಾರಿಸುತ್ತಾರೆ" ಎಂದುಕೊಂಡರೆ ಯಾರೂ ವಿಚಾರಿಸುವುದಿಲ್ಲ. ಓಟ ಅರ್ಧಕ್ಕೇ ನಿಂತವರಿಗೆ ಬಾಸ್ಟನ್ ಸಂಘಟಕರು 2014ರಲ್ಲಿ ಮತ್ತೆ ಓಡುವ ಅವಕಾಶ ಕೊಟ್ಟರು. ಗ್ರೂಪೂ ಅದನ್ನು ಮಾಡಬಹುದು: ಹಳೆಯ ಬಿಬ್ ಹಾಕಿಕೊಂಡು, ಉಳಿದ ದೂರವನ್ನು ಜೊತೆಯಾಗಿ ಮುಗಿಸುವುದು. ಬಾಂಬ್ ಸಿಡಿದ ವರ್ಷ ದೀಪಾವಳಿಯ ದಿನಗಳಲ್ಲಿ ಬಡಾವಣೆಯ ಬೀದಿಗಳಲ್ಲಿ ಗ್ರೂಪ್ ರನ್ ಇಡಬೇಡಿ. ಪಟಾಕಿ ಬೆಳಗಿನ ಜಾವವೇ ಶುರುವಾಗುತ್ತದೆ.