ಮೊಸಳೆಯ ಸಮೇತ

ಮೊನ್ನೆ ಏಕಾದಶಿ. ಬೆಳಗಿನ ಜಾವ ಗಜೇಂದ್ರ ಮೋಕ್ಷ, ಅಂದರೆ ಮೊಸಳೆ ಕಾಲು ಹಿಡಿದ ಗಜೇಂದ್ರನೆಂಬ ಆನೆಯನ್ನು ಹರಿ ಬಿಡಿಸಿದ ಕಥೆ, ಓದಲು ಕೂತಿದ್ದೆ. ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ. ಆದರೆ ಮೊನ್ನೆ ಒಂದು ಪದದ ಹತ್ತಿರ ಕಣ್ಣು ತುಂಬಿ ಬಂದು ಮುಂದೆ ಹೋಗಲು ಆಗಲಿಲ್ಲ.

ಚಿಕ್ಕವಳಿದ್ದಾಗ ಅಜ್ಜಿ ಈ ಕಥೆ ಹೇಳುತ್ತಾ, ಮೊಸಳೆ ಬಂದ ಕೂಡಲೇ ನನ್ನ ಕಾಲು ಹಿಡಿದುಬಿಡುತ್ತಿದ್ದಳು. ಆಗಷ್ಟೇ ಸ್ನಾನ ಮಾಡಿ ಬಂದ ತಣ್ಣನೆಯ ಕೈ. "ಬಿಡಿಸ್ಕೋ ನೋಡೋಣ" ಅನ್ನುತ್ತಿದ್ದಳು. ಜಗ್ಗಿದಷ್ಟೂ ಹಿಡಿತ ಬಿಗಿಯಾಗುತ್ತಿತ್ತು. ಸುಸ್ತಾಗಿ "ಅಜ್ಜೀ" ಅಂದರೆ ಸಾಕು, ಬಿಟ್ಟುಬಿಡುತ್ತಿದ್ದಳು. ಭಾಗವತದ 8ನೇ ಸ್ಕಂಧದ ಅರ್ಥವೆಲ್ಲ ಆ ಕೈಯಲ್ಲೇ ಇತ್ತು ಅಂತ ಈಗ ಅನಿಸುತ್ತದೆ.

ಸಾವಿರ ವರ್ಷ ಎಳೆದಾಡಿ ಆನೆಯ ಬಲ ಕುಗ್ಗಿತು, ಮೊಸಳೆಯದು ಹೆಚ್ಚಿತು. ಮೊಸಳೆಗೆ ನೀರೇ ಮನೆ ಅಲ್ವಾ? ನಮ್ಮ ಸಿಟ್ಟು, ಆಸೆ, ಹಳೇ ನೋವುಗಳಿಗೂ ಮನಸ್ಸೇ ಮನೆ. ಅದೇ ನೀರಲ್ಲಿ ನಿಂತು ಜಗ್ಗಿದರೆ ಸೋಲುವುದು ನಾವೇ. ಉಳಿದ ಆನೆಗಳೂ ಹಿಂದಿನಿಂದ ಎಳೆದು ನೋಡಿದವು, ಆಗಲಿಲ್ಲ. ಒಳಗಿನ ಹಿಡಿತಕ್ಕೆ ಹೊರಗಿನವರು ಪಾಪ ಏನು ಮಾಡಿಯಾರು?

ಆಗ ಗಜೇಂದ್ರನಿಗೆ ಹಿಂದಿನ ಜನ್ಮದಲ್ಲಿ, ಇಂದ್ರದ್ಯುಮ್ನ ರಾಜನಾಗಿದ್ದಾಗ ಕಲಿತ ಸ್ತುತಿ ನೆನಪಾಯಿತು. ಎಂದೋ ಕಲಿತದ್ದು ತಳದಲ್ಲಿ ಉಳಿದಿತ್ತು. ಈಗ ಮಕ್ಕಳಿಗೆ ಬಾಯಿಪಾಠ ಮಾಡಿಸುವವರೇ ಕಡಿಮೆ. ಮೊಬೈಲಲ್ಲಿ ಸ್ತೋತ್ರ ಹಾಕಿ ಎದ್ದು ಹೋಗುತ್ತೇವೆ. ಅರ್ಥ ಆಮೇಲೆ ಬರಲಿ, ಪದ ಮೊದಲು ಒಳಗೆ ಇಳಿಯಲಿ ಅಂತ ಬೇಡಿಕೊಳ್ಳಬೇಕು ಅನಿಸುತ್ತದೆ.

ನನ್ನನ್ನು ತಡೆದ ಪದ 'ಸಗ್ರಾಹಂ'. ಗ್ರಾಹ ಅಂದರೆ ಮೊಸಳೆ. ಸೊಂಡಿಲಲ್ಲಿ ತಾವರೆ ಎತ್ತಿ "ನಾರಾಯಣ" ಅಂದಾಗ ಹರಿ ಗರುಡನಿಂದ ಇಳಿದು ಬಂದ. ಆನೆಯೊಂದನ್ನೇ ಎಳೆಯಲಿಲ್ಲ. ಮೊಸಳೆಯ ಸಮೇತ ಮೇಲಕ್ಕೆತ್ತಿದ. ಚಕ್ರದಿಂದ ಅದರ ಬಾಯಿ ಸೀಳಿದ್ದು ಆಮೇಲೆ. ಆ ಮೊಸಳೆಯೂ ಶಾಪದಲ್ಲಿದ್ದ ಹೂಹೂ ಎಂಬ ಗಂಧರ್ವ. ಅವನಿಗೂ ಬಿಡುಗಡೆ ಆಯಿತು.

ನನ್ನೊಳಗೂ ಒಂದು ಹಳೇ ಸಿಟ್ಟಿದೆ. ಇಷ್ಟು ವರ್ಷ ಅದನ್ನು ಬಚ್ಚಿಟ್ಟು, ಒಳ್ಳೆಯದನ್ನಷ್ಟೇ ಹೊತ್ತು ದೇವರ ಮುಂದೆ ಕೂರುತ್ತಿದ್ದೆ. ಮೊನ್ನೆ ಅದನ್ನೂ ಸೇರಿಸಿಯೇ ಕೈ ಮುಗಿದೆ. ಬೆಳಕು ಹರಿಯುವವರೆಗೂ ಕಾಲ ಮೇಲೆ ಅಜ್ಜಿಯ ತಣ್ಣನೆಯ ಕೈ ಇದ್ದ ಹಾಗೇ ಇತ್ತು.