ಚೀಲ ಹೊರುವವನ ತೋಳು ಮತ್ತು ನನ್ನ 20 ಸೆಟ್

ಮೇ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ 5 ಗಂಟೆ 10 ನಿಮಿಷ. ಜಿಮ್ ಶಟರ್ ಎತ್ತುತ್ತಿದ್ದೆ, ಫೋನ್ ಬಂತು.

"ಸರ್, ಕೈ ಸೀದಾ ಆಗವಲ್ದು. ಒಂದಕ್ಕೆ ಹೋದ್ರ ಡಿಕಾಕ್ಷನ್ ಬಂದಂಗ ಬರಾಕತ್ತೈತಿ."

ಎರಡನೇ ವಾಕ್ಯ ಕೇಳಿದ ತಕ್ಷಣ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಆ ಬಣ್ಣದ ಬಗ್ಗೆ ಸರ್ಟಿಫಿಕೇಶನ್ ಕೋರ್ಸ್‌ನಲ್ಲಿ ಅರ್ಧ ಪುಟ ಓದಿದ್ದೆ. ಪರೀಕ್ಷೆಗೆ ಬರುತ್ತೆ ಅಂತ ಓದಿ ಮರೆತಿದ್ದೆ.

ಬಳ್ಳಾರಿಯ ಒಂದು ಜಿಮ್‌ನಲ್ಲಿ ನಾನು 8 ವರ್ಷದಿಂದ ಟ್ರೈನರ್. ಫೋನ್ ಮಾಡಿದ ಹುಡುಗ ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲಿ. 75 ಕೆಜಿ ಭತ್ತದ ಚೀಲ ಬೆನ್ನ ಮೇಲೆ ಹಾಕಿಕೊಂಡು ಹಲಗೆ ಏರಿ ಲಾರಿಗೆ ತುಂಬುವವನು. ಐಟಿಐ ಮುಗಿಸಿದ್ದಾನೆ, ಪವರ್‌ಮ್ಯಾನ್ ಹುದ್ದೆಗೆ ಅರ್ಜಿ ಹಾಕಿದ್ದ. ಆ ಕೆಲಸಕ್ಕೆ 8 ಮೀಟರ್ ವಿದ್ಯುತ್ ಕಂಬ ಹತ್ತಿ ತೋರಿಸಬೇಕು. ಕಾಲು ಗಟ್ಟಿ ಇವೆ, ತೋಳು ಸಾಲುತ್ತಿಲ್ಲ ಅಂತ ನಮ್ಮಲ್ಲಿ ಸೇರಿದ್ದ. ಮೂರು ತಿಂಗಳ ಫೀಸನ್ನು ಒಂದೇ ಸಲ ನಗದು ಕೊಟ್ಟಿದ್ದ. ಆ ದುಡ್ಡು ಎಷ್ಟು ಚೀಲದ ಕೂಲಿ ಅಂತ ಈಗಲೂ ಲೆಕ್ಕ ಹಾಕುತ್ತೇನೆ.

ಮಂಗಳವಾರ ಸಂಜೆ ಅವನ ಮೊದಲ ದಿನ. ಹೊರಗೆ 42 ಡಿಗ್ರಿ ಕಾದು ಇಳಿಯುತ್ತಿದ್ದ ಹೊತ್ತು. ಒಳಗೆ ಎರಡು ಕೂಲರ್, ಒಂದು ಕೆಟ್ಟಿತ್ತು. ಅವನು ಯಾರ್ಡ್‌ನಿಂದ ಸೀದಾ ಬಂದಿದ್ದ. ನೀರು ಕುಡಿದಿದ್ದೀಯಾ ಅಂತ ನಾನು ಕೇಳಲಿಲ್ಲ. ಅವನ ಭುಜ ನೋಡಿದೆ, ಹಿಂಗೈ ನೋಡಿದೆ. ಇವನಿಗೆ ಬಿಗಿನರ್ ಕಾರ್ಡ್ ಬೇಡ ಅಂದುಕೊಂಡೆ. ನನ್ನ ತಪ್ಪು ಶುರುವಾದದ್ದು ಅಲ್ಲೇ.

ಲ್ಯಾಟ್ ಪುಲ್‌ಡೌನ್, ಸೀಟೆಡ್ ರೋ, ಸಿಂಗಲ್ ಆರ್ಮ್ ರೋ, ಬಾರ್ಬೆಲ್ ಕರ್ಲ್, ಹ್ಯಾಮರ್ ಕರ್ಲ್. ಎಲ್ಲ ಮೂರು ಮೂರು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತಿಗೆ ಸೆಟ್ ಅನ್ನುತ್ತೇವೆ). ಕೊನೆಗೆ ಪುಲ್-ಅಪ್, ಅಂದರೆ ಬಾರ್‌ಗೆ ಜೋತುಬಿದ್ದು ಮೈ ಮೇಲೆತ್ತುವುದು. ಒಂದೂ ಏರಲಿಲ್ಲ. ಸರಿ, ನೆಗೆಟಿವ್ ಮಾಡಿಸೋಣ ಅಂದೆ. ಬೆಂಚ್ ಮೇಲೆ ನಿಂತು ಗಲ್ಲ ಬಾರ್ ಮೇಲಿಟ್ಟು, ಐದು ಎಣಿಸುತ್ತಾ ನಿಧಾನ ಇಳಿಯಬೇಕು. ಅಂಥ 5 ಸೆಟ್, ಪ್ರತಿ ಸೆಟ್ ಫೇಲ್ಯೂರ್ ತನಕ, ಅಂದರೆ ಇನ್ನೊಂದೂ ಆಗದು ಅನ್ನುವ ತನಕ. ಕೊನೆಯ ಸೆಟ್‌ನಲ್ಲಿ ಅವನ ತೋಳು ನಡುಗುತ್ತಿತ್ತು. "ಇನ್ನೊಂದು, ಇನ್ನೊಂದು" ಅಂತ ಕೂಗಿದ್ದು ನಾನೇ. ಅವನು ಬೇಡ ಅನ್ನಲಿಲ್ಲ. ಭಾರ ಕೊಟ್ಟರೆ ಬೇಡ ಅನ್ನದೆ ಹೊರುವುದು ಅವನ ಕೆಲಸದ ಅಭ್ಯಾಸ. ಅದು ನನಗೆ ಹೊಳೆಯಬೇಕಿತ್ತು.

ಗುರುವಾರ ಮಧ್ಯಾಹ್ನ ವಾಟ್ಸಾಪ್ ಬಂತು. ಮೊಣಕೈ ಮಡಚಿಕೊಂಡೇ ನಿಂತ ಫೋಟೊ. "ಸರ್ ಬಹಳ ನೋವೈತಿ, ಊದೈತಿ." ನಾನು ಪಿಟಿ (ಪರ್ಸನಲ್ ಟ್ರೈನಿಂಗ್) ನಡುವೆ ಇದ್ದೆ. ಒಂದು ಕೈಯಲ್ಲೇ ಟೈಪ್ ಮಾಡಿದೆ: "ಲ್ಯಾಕ್ಟಿಕ್ ಆಸಿಡ್ ಕಟ್ಟಿದೆ, ಹೋಗುತ್ತೆ. ನೋವಿನ ಮಾತ್ರೆ ತಗೋ." ಜೊತೆಗೆ ತೋಳು ಬಾಗಿಸುವ ಚಿತ್ರ.

ಆ ಮೆಸೇಜ್ ಇನ್ನೂ ನನ್ನ ಫೋನ್‌ನಲ್ಲಿದೆ. ಅಳಿಸಿಲ್ಲ. ಎರಡು ವಾಕ್ಯ, ಎರಡೂ ತಪ್ಪು. ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ (ನಾವು ಲ್ಯಾಕ್ಟಿಕ್ ಆಸಿಡ್ ಅನ್ನುವುದು ಇದಕ್ಕೇ) ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಇಳಿದುಹೋಗುತ್ತದೆ. ಎರಡು ದಿನ ಕಳೆದ ಮೇಲಿನ ನೋವಿಗೆ ಅದು ಕಾರಣವೇ ಅಲ್ಲ. ಇನ್ನು ಮಾತ್ರೆ. ಸ್ನಾಯು ಒಡೆದು ಅದರ ಒಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ (ಮೂತ್ರಕ್ಕೆ ಡಿಕಾಕ್ಷನ್ ಬಣ್ಣ ಬರುವುದು ಇದರಿಂದಲೇ) ರಕ್ತಕ್ಕೆ ಸೇರಿದಾಗ ಕಿಡ್ನಿ ಮೊದಲೇ ಕಷ್ಟದಲ್ಲಿರುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ನೋವಿನ ಮಾತ್ರೆಗಳು ಆ ಕಿಡ್ನಿಗೇ ಇನ್ನೊಂದು ಪೆಟ್ಟು. ಅವನು ನನ್ನ ಮಾತು ನಂಬಿ ಎರಡು ನುಂಗಿದ್ದ.

ಶುಕ್ರವಾರ ಶಟರ್ ಅರ್ಧಕ್ಕೆ ಬಿಟ್ಟು ಅವನ ಮನೆಗೆ ಓಡಿದೆ. ಬಾಗಿಲಲ್ಲಿ ಅವರ ಅವ್ವ ನಿಂತಿದ್ದರು. ಮಗನಿಗೆ ರಾತ್ರಿ ತಾನೇ ಊಟ ಮಾಡಿಸಿದೆ ಅಂದರು. ಕೈ ಮಡಚಿದೆ, ಆದರೆ ಬಾಯಿಗೆ ಮುಟ್ಟುತ್ತಿಲ್ಲ. ಬೈಕ್ ಹಿಂದೆ ಹಿಡಿದು ಕೂರೋಕೆ ಅವನಿಗೆ ಆಗಲಿಲ್ಲ. ಆಟೊ ಹಿಡಿದೆವು. ಶರ್ಟಿನ ತೋಳು ಬಿಗಿದು ಗುರುತು ಬಿದ್ದಿತ್ತು.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಕೇಳಿದರು: "ಏನ್ ಮಾಡಿಸಿದ್ರಿ?" ನಾನು ಹೇಳಿದ್ದು: "ನಾರ್ಮಲ್ ಬ್ಯಾಕ್ ಬೈಸೆಪ್ಸ್, ಸರ್."

ಮಾಡಿಸಿದ್ದಕ್ಕಿಂತ ಈ ಉತ್ತರ ನನ್ನನ್ನು ಜಾಸ್ತಿ ಚುಚ್ಚುತ್ತದೆ. ಹುಡುಗ ಪಕ್ಕದಲ್ಲೇ ಕೂತಿದ್ದ, ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಡಾಕ್ಟರ್ ಮತ್ತೆ ಕೇಳಿದರು, ಈ ಸಲ ಪೆನ್ನು ಹಿಡಿದು: ಎಷ್ಟು ಸೆಟ್, ಎಷ್ಟು ಹೊತ್ತು, ಬಿಸಿಲಲ್ಲಿ ಇದ್ದನಾ, ಏನಾದರೂ ಮಾತ್ರೆ ಕೊಟ್ಟಿದ್ದೀರಾ. ಆಗ ಫೋನ್ ತೆಗೆದು ಮೆಸೇಜ್ ತೋರಿಸಿದೆ. ಓದಿ ಫೋನ್ ವಾಪಸ್ ಕೊಟ್ಟರು. ಬೈಯಲಿಲ್ಲ. ಸ್ನಾಯು ಒಡೆದರೆ ರಕ್ತದಲ್ಲಿ ಏರುವ ಸಿಪಿಕೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಶಿಯಂ ಪರೀಕ್ಷೆ ಬರೆದು ಇಸಿಜಿಗೆ ಕಳಿಸಿದರು. ಒಡೆದ ಸ್ನಾಯುವಿನಿಂದ ಪೊಟ್ಯಾಶಿಯಂ ಹೊರಬಂದರೆ ಹೃದಯದ ಬಡಿತವೇ ತಪ್ಪಬಹುದು ಅಂತ ನರ್ಸ್ ಅವ್ವನಿಗೆ ಹೇಳುತ್ತಿದ್ದರು. ಅವ್ವ ನನ್ನ ಕಡೆ ತಿರುಗಿ, "ಏನಂತಾರ?" ಅಂದರು. ನನಗೆ ಬಾಯಿ ಬರಲಿಲ್ಲ.

ಎರಡು ಗಂಟೆ ಆದ ಮೇಲೆ ರಿಪೋರ್ಟ್. ಸಿಪಿಕೆ 38,000 ದಾಟಿತ್ತು. ಆರೋಗ್ಯವಂತರಲ್ಲಿ ಅದು ಕೆಲವು ನೂರರ ಒಳಗೇ ಇರುತ್ತದೆ. ರ್‍ಯಾಬ್ಡೊಮಯೋಲೈಸಿಸ್. ಅಂದರೆ ಸ್ನಾಯು ಒಡೆದು ಒಳಗಿನದೆಲ್ಲ ರಕ್ತಕ್ಕೆ ಸೇರುವುದು. ಕಿಡ್ನಿ ಇನ್ನೂ ತಡೆದುಕೊಂಡಿದೆ ಅಂದರು. ನಾಲ್ಕು ದಿನ ಡ್ರಿಪ್ ಹಾಕಿದರು. ಮೂರನೇ ದಿನ ಮೂತ್ರದ ಬಣ್ಣ ತಿಳಿಯಾಯಿತು.

ಕಾಯುತ್ತಾ ಕೂತಾಗ ಔಷಧಿ ಬಿಲ್ಲಿನ ಹಿಂದೆ ಮಂಗಳವಾರದ ಸೆಟ್‌ಗಳನ್ನು ಬರೆದೆ. ಐದು ವ್ಯಾಯಾಮ, ತಲಾ ಮೂರು, 15. ನೆಗೆಟಿವ್ 5. ಒಟ್ಟು 20. ನಮ್ಮ ಚಾರ್ಟ್‌ನಲ್ಲಿ ಇದು "ಬ್ಯಾಕ್" ಒಂದು ಕಾಲಂ, "ಬೈಸೆಪ್ಸ್" ಇನ್ನೊಂದು ಕಾಲಂ. ಆದರೆ ಪುಲ್‌ಡೌನ್ ಮಾಡುವಾಗ ಮೊಣಕೈ ಮಡಚುತ್ತದೆ ಅಲ್ವಾ? ರೋ ಮಾಡುವಾಗಲೂ ಮಡಚುತ್ತದೆ. ಅದನ್ನು ಮಡಚುವ ಸ್ನಾಯುಗಳು ಕರ್ಲ್‌ನಲ್ಲಿ ಕೆಲಸ ಮಾಡುವವೇ. ಚಾರ್ಟ್‌ನಲ್ಲಿ ಆರು ಹೆಸರು. ಅವನ ಮೊಣಕೈ ಕಂಡದ್ದು ಒಂದೇ ಕೆಲಸ, 20 ಸಲ.

ಎಂಟು ವರ್ಷ ಹೆಸರು ಕಲಿಸಿದ್ದೆ, ಸ್ನಾಯು ಏನು ಮಾಡುತ್ತದೆ ಅಂತ ಕೂತು ನೋಡಿರಲಿಲ್ಲ. ಅವತ್ತಿನಿಂದ ಮೊದಲಿಂದ ಓದಲು ಶುರು ಮಾಡಿದೆ. ತಿಳಿದಷ್ಟು ಹೇಳುತ್ತೇನೆ.

ಸ್ನಾಯುವಿಗೆ ಬರುವುದು ಎಳೆಯುವುದು ಮಾತ್ರ, ತಳ್ಳುವುದು ಬರುವುದಿಲ್ಲ. ನಾವು ಪುಶ್-ಅಪ್ ಹೊಡೆದಾಗಲೂ ಒಳಗೆ ಯಾವುದೋ ಸ್ನಾಯು ಮೂಳೆಯನ್ನು ಎಳೆಯುತ್ತಿರುತ್ತದೆ. ಒಳಗಿನ ಎಳೆಗಳಲ್ಲಿ ದಪ್ಪ ತಂತು ಮಯೋಸಿನ್, ತೆಳು ತಂತು ಆಕ್ಟಿನ್. ಮಯೋಸಿನ್‌ನ ಪುಟ್ಟ ತಲೆಗಳು ಆಕ್ಟಿನ್ ಹಿಡಿದು ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ. ಬಾವಿಯಿಂದ ಕೊಡ ಸೇದುವಾಗ ಕೈ ಮೇಲೆ ಕೈ ಹಾಕುತ್ತೇವಲ್ಲ, ಹಾಗೆ. ತಂತುಗಳು ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. 1954ರ ಮೇ ತಿಂಗಳಲ್ಲಿ ಎರಡು ಜೋಡಿ ವಿಜ್ಞಾನಿಗಳು ಇದನ್ನು ಬೇರೆ ಬೇರೆಯಾಗಿ, ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬರೆದರು: ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್, ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ.

ಈಗ ಕೊಡ ಮೇಲೆ ಬರುವ ಬದಲು ನಿಮ್ಮ ಕೈಯಲ್ಲಿರುವ ಹಗ್ಗವನ್ನು ಕೆಳಗೆ ಎಳೆಯುತ್ತಿದೆ ಅಂದುಕೊಳ್ಳಿ. ನೀವು ಬಿಗಿ ಹಿಡಿದಿದ್ದೀರಿ, ಹಗ್ಗ ಜಾರುತ್ತಲೇ ಇದೆ. ಅಂಗೈ ಸುಲಿಯುವುದು ಆಗಲೇ. ನೆಗೆಟಿವ್ ಅಂದರೆ ಇದೇ. ಒಂದೇ ಭಾರವನ್ನು ಏರಿಸುವುದಕ್ಕಿಂತ ಇಳಿಸುವಾಗ ಕಡಿಮೆ ಎಳೆಗಳು ಕೆಲಸಕ್ಕೆ ಬರುತ್ತವೆ. ಒಂದೊಂದರ ಮೇಲೂ ಬೀಳುವ ಬಿಗಿತ ಜಾಸ್ತಿ. ಅಭ್ಯಾಸ ಇಲ್ಲದ ಸ್ನಾಯುವಿಗೆ ಜಾಸ್ತಿ ಏಟು ಬೀಳುವುದು ಹೀಗೆ.

ಹಮಾಲಿ ಗಟ್ಟಿಗ, ನಿಜ. ಆದರೆ ಅವನ ಕೆಲಸ ನೋಡಿ. ಚೀಲವನ್ನು ಇನ್ನಿಬ್ಬರು ಎತ್ತಿ ಬೆನ್ನಿಗೆ ಕೊಡುತ್ತಾರೆ. ಕಾಲು, ಸೊಂಟ, ಬೆನ್ನು ಹೊರುತ್ತವೆ. ತೋಳು ಸುಮ್ನೆ ಹಿಡಿದಿರುತ್ತದೆ. ಗುರಿ ಮುಟ್ಟಿದ ಮೇಲೆ ಚೀಲವನ್ನು ಧೊಪ್ಪನೆ ಒಗೆಯುತ್ತಾನೆ, ಐದು ಎಣಿಸಿ ಇಳಿಸುವುದಿಲ್ಲ. ಮೊಣಕೈ ಮಡಚುವ ಸ್ನಾಯುಗಳನ್ನು ಭಾರದ ಕೆಳಗೆ ನಿಧಾನ ಉದ್ದ ಮಾಡುವ ಕೆಲಸ ಅವನಿಗೆ ಪೂರ್ತಿ ಹೊಸದು. ಭುಜದ ಅಗಲ ನೋಡಿ ಇದನ್ನು ನಾನು ಕಾಣಲಿಲ್ಲ.

ಇನ್ನೊಂದು ವಿಷಯ ನನ್ನ ಪೂರ್ತಿ ಪ್ರೋಗ್ರಾಂ ಬದಲಿಸಿತು. ನರವಿಜ್ಞಾನಿ ಎಲ್ವುಡ್ ಹೆನೆಮನ್ 1965ರಲ್ಲಿ ವಿವರಿಸಿದ ನಿಯಮ. ಯಾರ್ಡ್ ಭಾಷೆಯಲ್ಲಿ ಹೇಳುವುದಾದರೆ, ನರ ಒಬ್ಬ ಮುಕಾದಮ, ಸ್ನಾಯುವಿನ ಎಳೆಗಳು ಅವನ ಆಳುಗಳು. ಸಣ್ಣ ಕೆಲಸಕ್ಕೆ ಸಣ್ಣ ಗುಂಪನ್ನು ಕರೆಯುತ್ತಾನೆ. ಭಾರ ಹೆಚ್ಚಾದರೆ, ಅಥವಾ ಮೊದಲಿನವರು ದಣಿದರೆ, ದೊಡ್ಡ ಗುಂಪಿನ ಗಟ್ಟಿ ಆಳುಗಳನ್ನು ಕರೆಯುತ್ತಾನೆ. ಅಂದರೆ ಸೆಟ್‌ನ ಕಷ್ಟವಾಗುವ ಕೊನೆಯ ಕೆಲವು ರೆಪ್‌ಗಳಲ್ಲಿ (ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್) ಹೆಚ್ಚುಕಡಿಮೆ ಎಲ್ಲರೂ ಕೆಲಸಕ್ಕೆ ಇಳಿದಿರುತ್ತಾರೆ. ಅಂಥ ಎರಡು ಮೂರು ಸೆಟ್ ಸಿಕ್ಕರೆ ಸ್ನಾಯುವಿಗೆ ಸುದ್ದಿ ಮುಟ್ಟಿತು. ಅದೇ ಮಾತನ್ನು ಆರು ಮಷೀನ್‌ನಲ್ಲಿ ಕೂಗಿ ಹೇಳಬೇಕಿಲ್ಲ. ಮೊದಲ ಕೆಲವು ವಾರದಲ್ಲಿ ಏರುವ ಬಲ ಬಹುಪಾಲು ಈ ಮುಕಾದಮ ಕಲಿತದ್ದು. ಮಾಂಸ ಬೆಳೆಯುವುದು ಆಮೇಲೆ.

ಅದಕ್ಕೇ ಈಗ ಹೊಸಬರಿಗೆ ನಾಲ್ಕೇ ಚಲನೆ: ಒಂದು ಎಳೆತ, ಒಂದು ತಳ್ಳು, ಒಂದು ಸ್ಕ್ವಾಟ್, ಸೊಂಟದಿಂದ ಬಾಗಿ ಎತ್ತುವುದು ಒಂದು. ವಾರಕ್ಕೆ ಎರಡು ದಿನ. ಮೊದಲ ದಿನ ಎರಡೇ ಸೆಟ್, ಇನ್ನೂ ಮೂರು ನಾಲ್ಕು ರೆಪ್ ಆಗುತ್ತೆ ಅನ್ನುವಾಗಲೇ ಕೆಳಗಿಡಿಸುತ್ತೇನೆ. ಆ ಸಣ್ಣ ಏಟೇ ಲಸಿಕೆ ಥರ ಕೆಲಸ ಮಾಡುತ್ತದೆ. ಒಮ್ಮೆ ಸ್ವಲ್ಪ ಇಳಿಸುವ ಕೆಲಸ ಕಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ಪೆಟ್ಟು ತಿನ್ನುವುದಿಲ್ಲ. ನಮ್ಮ ಸೋದರಮಾವ ಗರಡಿಯಲ್ಲಿ ಬೆಳೆದವರು. ಹೊಸ ಹುಡುಗನಿಗೆ ಉಸ್ತಾದ್ ಮೊದಲ ವಾರ ಮಣ್ಣು ಹದ ಮಾಡಿಸಿ, ನಾಲ್ಕು ಬೈಠಕ್ ಹೊಡೆಸಿ ಕಳಿಸುತ್ತಿದ್ದರಂತೆ. ಅವರಿಗೆ ಯಾವ ಸರ್ಟಿಫಿಕೇಟೂ ಇರಲಿಲ್ಲ.

ಇದನ್ನೆಲ್ಲ ಮ್ಯಾನೇಜ್‌ಮೆಂಟ್ ಮುಂದೆ ಇಟ್ಟೆ. ಅವರ ಉತ್ತರ: ಮೊದಲ ದಿನ ಮೈ ನೋಯದಿದ್ದರೆ ಕ್ಲೈಂಟ್‌ಗೆ ದುಡ್ಡು ಕೊಟ್ಟ ಹಾಗೆ ಅನ್ನಿಸಲ್ಲ, ರಿನ್ಯೂವಲ್ ಬೀಳುತ್ತೆ. 14 ಮಷೀನ್ ತಂದಿದ್ದೇವೆ, 14ನ್ನೂ ತೋರಿಸು. ಆ್ಯಪ್‌ನಲ್ಲಂತೂ ಎಂಟಕ್ಕಿಂತ ಕಡಿಮೆ ವ್ಯಾಯಾಮ ಹಾಕಿದರೆ ಪ್ಲಾನ್ ಸೇವ್ ಆಗುವುದೇ ಇಲ್ಲ. ನೋವನ್ನು ಮಾರಬೇಡಿ ಅಂತ ಮೂರು ಮೀಟಿಂಗ್‌ನಲ್ಲಿ ಹೇಳಿದ್ದೇನೆ. ಮಿನಿಟ್ಸ್‌ನಲ್ಲಿ ಬರೆದುಕೊಳ್ಳುತ್ತಾರೆ, ಗೋಡೆಯ ಚಾರ್ಟ್ ತೆಗೆಯುವುದಿಲ್ಲ. ನನ್ನ ಕ್ಲೈಂಟ್‌ಗಳ ಪ್ಲಾನ್ ನಾನು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಫ್ಲೋರ್‌ನ ಹುಡುಗರಿಗೆ ಒಂದೇ ಮಾತು ಹೇಳಿದ್ದೇನೆ: ಯಾರಾದರೂ ಮೂತ್ರದ ಬಣ್ಣ ಕಪ್ಪಾಗಿದೆ ಅಂದರೆ ನನಗೆ ಫೋನ್ ಮಾಡಬೇಡಿ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡಾಕ್ಟರ್ ಒಪ್ಪಿದ ಮೇಲೆ, ಎರಡು ತಿಂಗಳು ಬಿಟ್ಟು ಹುಡುಗ ವಾಪಸ್ ಬಂದ. ಬರುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ಎಮರ್ಜೆನ್ಸಿಯಲ್ಲಿ ನಾರ್ಮಲ್ ಅಂದಿದ್ದಕ್ಕೆ ಕ್ಷಮೆ ಕೇಳಿದೆ. "ಆಮೇಲೆ ಖರೇ ಹೇಳಿದ್ರಲ್ರಿ" ಅಂದ. ಪುಲ್‌ಡೌನ್ ಎರಡು ಸೆಟ್ ಮಾಡಿಸಿ ಸಾಕು ಅಂದೆ. "ಇಷ್ಟೇನ್ರಿ?" ಅಂದ. ಇಷ್ಟೇ ಅಂದೆ.

ಕಳೆದ ಭಾನುವಾರ ಮೈದಾನದ ಅಂಚಿನಲ್ಲಿ ಹುಡುಗರು ನೆಟ್ಟುಕೊಂಡಿರುವ ಅಭ್ಯಾಸದ ಕಂಬ ಹತ್ತಿದ. ತುದಿ ಮುಟ್ಟಿ, ಜಾರದೆ, ಕೈ ಮೇಲೆ ಕೈ ಬದಲಿಸುತ್ತಾ ನಿಧಾನ ಇಳಿದ. ಮರುದಿನ ಬೆಳಿಗ್ಗೆ 6ಕ್ಕೆ ನಾನೇ ಫೋನ್ ಮಾಡಿದೆ. ಕೈ ಸೀದಾ ಆಗ್ತದಾ ಅಂತ ಕೇಳಿದೆ.

"ಆಗ್ತೈತ್ರಿ. ಲಾರಿ ಬಂದೈತಿ, ಆಮೇಲೆ ಮಾತಾಡ್ತೀನಿ."